ಅಪ್ಪನ ಎಡೆಗೆ ನೊರೆಯಿಲ್ಲದ ಬಿಯರು

ನನಗೆ ಸಿಟ್ಟು ಜಾಸ್ತಿ ಎಂದು ನನ್ನ ಹೆಂಡತಿ ಚಿಕ್ಕಬೀರಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಶುದ್ಧ ಸುಳ್ಳು. ನನಗೆ ಸಿಟ್ಟು ಜಾಸ್ತಿಯಲ್ಲ, ಸಿಟ್ಟು ಬರಿಸುವವರು ಜಾಸ್ತಿ. ಕಪ್ಪು ಬಿಯರಿನ ಈ ಸಂಗತಿಯನ್ನು ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ, ನನ್ನ ಜಾಗದಲ್ಲಿ ಬುದ್ಧನಿದ್ದಿದ್ದರೆ ಅವನೂ ಚೊಂಬು ಎತ್ತಿ ಎಸೆಯುತ್ತಿದ್ದನೋ ಇಲ್ಲವೋ ಅಂತ.

ಮೊದಲು ನಾನು ಯಾರು ಎಂದು ತಿಳಿದುಕೊಳ್ಳಿ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನನ್ನ ಆಲೆಮನೆ ಎಂದರೆ ಒಂದು ಕಾಲಕ್ಕೆ ಹೆಸರು. ನನ್ನ ಕೊಪ್ಪರಿಗೆಯಲ್ಲಿ ಕಾದ ಬೆಲ್ಲ ತಿಂದವರು ಆಮೇಲೆ ಬೇರೆ ಬೆಲ್ಲವನ್ನು ಎತ್ತಿಗೆ ಹಾಕುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಮುಂದೆ ಓದಲಿಲ್ಲ, ಯಾಕೆಂದರೆ ನನಗೆ ಕಲಿಸುವುದು ಇನ್ನೇನೂ ಉಳಿದಿಲ್ಲ ಎಂದು ಮೇಷ್ಟರೇ ಅಪ್ಪನ ಮುಂದೆ ಕೈಮುಗಿದು ಹೇಳಿದರು. (ಮೇಷ್ಟರು ಹೇಳಿದ ಧಾಟಿ ಬೇರೆ ಇತ್ತು ಎಂದು ನನ್ನ ತಮ್ಮ ಬೆಟ್ಟಸ್ವಾಮಿ ವಾದಿಸುತ್ತಾನೆ. ಅವನಿಗೆ ಆಗ ಹಲ್ಲೂ ಬಂದಿರಲಿಲ್ಲ.) ಪಂಪ್‌ಸೆಟ್ಟು, ಗಾಣ, ಹೊಲಿಗೆ ಮಿಷನ್ನು, ಕೊನೆಗೆ ಅಂಚೆಯವನ ಮೊಪೆಡ್ಡು, ಎಲ್ಲವನ್ನೂ ಬಿಚ್ಚಿ ನೋಡಿಯೇ ಕಲಿತವನು ನಾನು. ಮತ್ತೆ ಜೋಡಿಸಿದ್ದೂ ಉಂಟು.

ನಮ್ಮಪ್ಪ ಕುಳ್ಳಯ್ಯ. ಹೆಸರು ಕುಳ್ಳಯ್ಯನಾದರೂ ಆಳು ತೊಲೆ ಮುಟ್ಟುವಷ್ಟು ಎತ್ತರ. ಅವನು ವಯಸ್ಸಿನಲ್ಲಿ ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದ. ಅಲ್ಲಿ ಅಂಟಿದ ಚಟ ಒಂದೇ, ಕಪ್ಪು ಬಿಯರು. ಸ್ಟೌಟು ಅನ್ನುತ್ತಾರೆ ಅದಕ್ಕೆ. ಕಾಫಿ ಕಷಾಯದ ಬಣ್ಣ, ಮೇಲೆ ಎಮ್ಮೆ ಹಾಲಿನ ಕೆನೆಯಂಥ ನೊರೆ. ಅಪ್ಪ ಹಬ್ಬಕ್ಕೆ ಊರಿಗೆ ಬಂದಾಗ ಜಗಲಿಯ ಮೇಲೆ ಕೂತು ಗ್ಲಾಸಿಗೆ ಬಗ್ಗಿಸಿ, ಆ ನೊರೆಯಲ್ಲಿ ಒಂದು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತಿದ್ದ. ಕಡ್ಡಿ ನಿಂತರೆ ಅದನ್ನೇ ತೆಗೆದು ಬೀಡಿ ಹಚ್ಚಿ, ಆಮೇಲೆ ಗುಟುಕು. ಕಡ್ಡಿ ಬಿದ್ದರೆ ಗ್ಲಾಸನ್ನು ತೆಂಗಿನ ಬುಡಕ್ಕೆ ಸುರಿದು, ತಂದವನಿಗೆ ಬೈಗುಳದ ಅಭಿಷೇಕ. ನನ್ನ ಸಿಟ್ಟು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ?

ಅಪ್ಪ ಹೋದ ಮೇಲೆ ಪ್ರತಿ ಮಾರ್ನಮಿಗೂ ಹಿರಿಯರ ಎಡೆ ನಮ್ಮ ಮನೆಯಲ್ಲೇ. ಹಿರೀಮಗ ನಾನು, ಹಳೇಮನೆ ನನ್ನದು. ಮುದ್ದೆ, ಮರಿ ಮಾಂಸದ ಸಾರು, ಕಜ್ಜಾಯ, ಎಲೆಅಡಿಕೆ, ಬೀಡಿಕಟ್ಟು, ಹೊಸ ಪಂಚೆ, ಜೊತೆಗೆ ಕಪ್ಪು ಬಿಯರು. ಎಲ್ಲವನ್ನೂ ಫೋಟೋದ ಮುಂದೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು, ನಾವೆಲ್ಲ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಆಮೇಲೆ ಒಂದು ಸಲ ಕೆಮ್ಮಿ ಬಾಗಿಲು ತೆಗೆಯುತ್ತೇವೆ. ಬಿಯರಿನ ಸೀಸೆ ತರುವುದು ಮಾತ್ರ ಬೆಟ್ಟಸ್ವಾಮಿ. ಅವನು ಕಂಪಲಾಪುರದಲ್ಲಿ ಹೊಗೆಸೊಪ್ಪು ಬೆಳೆದು ದೊಡ್ಡ ಮನೆ ಕಟ್ಟಿಸಿದ್ದಾನೆ. ಮನೆಯ ಮುಂದೆ ಎರಡು ಸಿಮೆಂಟಿನ ಸಿಂಹ ಬೇರೆ. ಒಂದಕ್ಕೆ ಮೆಳ್ಳೆಗಣ್ಣು.

ಹೋದ ವರ್ಷದ ಮಾರ್ನಮಿಯಲ್ಲಿ ಅವನು ತಂದ ಸೀಸೆಯನ್ನು ನಾನು ಬಗ್ಗಿಸಿದೆ. ನೊರೆ ಏನೋ ಬಂತು.

"ಇದೇನ್ಲಾ ಇದು, ಸೋಪು ಕದಡ್ದಂಗೆ! ಇದನ್ನ ಅಪ್ಪ ಮೂಸೂ ನೋಡಲ್ಲ," ಎಂದೆ.

"ಅಂಗಾದ್ರೆ ನೀನೇ ಮಾಡಣ್ಣ," ಅಂದ ಬೆಟ್ಟಸ್ವಾಮಿ, ಬೀಡಿಕಟ್ಟನ್ನು ಎಡೆಯ ಪಕ್ಕ ನೇರ ಮಾಡುತ್ತ. "ಬೆಲ್ಲ ಒಂದು ಬುಟ್ರೆ ನಿನ್ ಕೈಲಿ ಇನ್ನೇನಾಯ್ತದೆ?"

"ಏನಂದೆ?"

"ಏನಿಲ್ಲ ಬುಡು. ನಿನ್ ಕೈಲಾದ್ರೆ ಒಳ್ಳೇದೇ. ಆಗ್ದಿದ್ರೆ ಮುಂದಿನ ಸಲದಿಂದ ಎಡೆ ನಮ್ಮಟ್ಟೀಲೇ ಮಡಗ್ತೀವಿ. ಅಲ್ಲಿ ಟೈಲ್ಸ್ ಆಕ್ಸಿದ್ದೀನಿ, ಅಪ್ಪನ ಕಾಲಿಗೂ ತಂಪಾಯ್ತದೆ."

ನೋಡಿದಿರಾ? ಟೈಲ್ಸು! ಅಪ್ಪನ ಆತ್ಮವನ್ನು ಟೈಲ್ಸ್ ತೋರಿಸಿ ಸೆಳೆಯುತ್ತಾನಂತೆ! ನಾನು ಅಲ್ಲೇ, ಅಪ್ಪನ ಫೋಟೋದ ಮುಂದೆ ದೀಪ ಮುಟ್ಟಿ ಆಣೆ ಮಾಡಿದೆ. ಮುಂದಿನ ಮಾರ್ನಮಿಗೆ ನನ್ನ ಕೈಯಾರೆ ಮಾಡಿದ ಕಪ್ಪು ಬಿಯರು ಎಡೆಗೆ, ಅದರ ನೊರೆಯಲ್ಲಿ ಬೆಂಕಿಕಡ್ಡಿ ನಿಲ್ಲದಿದ್ದರೆ ಎಡೆ ಕಂಪಲಾಪುರಕ್ಕೆ. ಒಲೆಯ ಹತ್ತಿರ ಚಿಕ್ಕಬೀರಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಕಜ್ಜಾಯ ತಟ್ಟುವ ಸದ್ದಿರಬೇಕು ಅಂದುಕೊಂಡೆ.

ನನ್ನ ಅಳಿಯ ಸಿದ್ದಾರ್ಥ ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನ ದಂಡೆಯ ರೆಸಾರ್ಟಿನಲ್ಲಿ ಬಾರ್ ಕೌಂಟರು ನೋಡಿಕೊಳ್ಳುತ್ತಾನೆ. ಅವನಿಗೆ ಫೋನು ಮಾಡಿ, "ಅಳಿಮಯ್ಯ, ಒಂದು ಪಾತ್ರೆ ಬೇಕು," ಎಂದೆ. ಅವನು ಹಳೇ ಕೆಗ್ಗೊಂದನ್ನು ಹುಡುಕಿಕೊಟ್ಟ. ಡೈರಿಯ ಹಾಲಿನ ಕ್ಯಾನಿಗೆ ದಾಯಾದಿಯಂತಿರುವ ಸ್ಟೀಲು ಡ್ರಮ್ಮು. ಅದಕ್ಕೊಂದು ಗ್ಯಾಸು ಸಿಲಿಂಡರು, ಮುಳ್ಳು ತೋರಿಸುವ ಮೀಟರು, ಒಂದು ಪೈಪು, ಒಂದು ನಲ್ಲಿ. ಕಾಳು ಸಾಮಾನನ್ನೂ ಕೊಟ್ಟ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕರ್ರಗೆ ಹುರಿದ ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂವು, ಈಸ್ಟಿನ ಪೊಟ್ಟಣ. ಎಲ್ಲವನ್ನೂ ಬಸ್ಸಿನಲ್ಲಿ ಹೇರಿಕೊಂಡು ಹುಣಸೂರಿನ ಮೇಲೆ ಹಾಯ್ದು ತಂದೆ. ಬಿಳಿಕೆರೆಯ ಹತ್ತಿರ ಕಂಡಕ್ಟರು, "ಯಜಮಾನ್ರೇ, ಈ ಸಿಲಿಂಡ್ರಲ್ಲಿ ಏನದೆ?" ಎಂದ. "ನಮ್ಮಪ್ಪನ ಎಡೆ ಕಣಯ್ಯ," ಎಂದೆ. ಅವನು ಕೆ.ಆರ್. ನಗರ ಬರುವವರೆಗೂ ನನ್ನ ಹತ್ತಿರ ಸುಳಿಯಲಿಲ್ಲ.

ಕೆಲಸ ನಾನು ಅಂದುಕೊಂಡಂತೆ ಸುಲಭವೇ ಆಗಿತ್ತು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಆಲೆಮನೆಯ ಚಿಕ್ಕ ಕೊಪ್ಪರಿಗೆ ಇಟ್ಟು, ಕಾಳನ್ನು ಬಿಸಿನೀರಲ್ಲಿ ನೆನೆಸಿ, ಬೆಲ್ಲದಂತೆ ಸಿಹಿಯಾದ ಆ ನೀರನ್ನು ಬಸಿದು ಕುದಿಸಿದೆ. ಚಿಕ್ಕಬೀರಮ್ಮ ಕೊಟ್ಟಿಗೆಯಲ್ಲಿದ್ದಳು. ಹಾಪ್ಸ್ ಬಿದ್ದದ್ದೇ ತಡ, ಕೊಪ್ಪರಿಗೆ ಭುಸ್ಸೆಂದು ಉಕ್ಕಿ ಅಂಚಿನ ಮೇಲೆ ತಲೆ ಹಾಕಿತು. ಓದಿದ ಹುಡುಗರಾಗಿದ್ದರೆ ಸೌದೆ ಎಳೆದು ಓಡುತ್ತಿದ್ದರು. ಜೀವಮಾನವಿಡೀ ಕಬ್ಬಿನ ಹಾಲು ಕಾಯಿಸಿದವನಿಗೆ ಉಕ್ಕು ಹೆದರಿಸುವುದೇ? ಒಳಗೆ ಹೋಗಿ ಬಂದು ಆಲೆಮನೆಯ ಹಳೇ ಮಂತ್ರವೊಂದನ್ನು ಹಾಕಿದೆ. ನೊರೆ ಹೊಡೆಸಿಕೊಂಡ ನಾಯಿಯಂತೆ ಇಳಿದು ತಳ ಸೇರಿತು. ಕೈ ಮರೆತಿಲ್ಲ ಎಂದು ಮೀಸೆ ತಿರುವಿಕೊಂಡೆ. ಆರಿಸಿ, ಈಸ್ಟು ಹಾಕಿ, ಕತ್ತಲೆ ಕೋಣೆಯಲ್ಲಿ ಹುಳಿಯಲು ಬಿಟ್ಟೆ.

ಅವತ್ತು ಸಂಜೆ ಚಿಕ್ಕಬೀರಮ್ಮ, "ರೀ, ನನ್ ತಲೆಗೆ ಅಚ್ಚೋ ಅರಳೆಣ್ಣೆ ಸೀಸೆ ಕಂಡ್ರಾ? ಗೂಡಲ್ಲಿ ಮಡಗಿದ್ದೆ," ಎಂದಳು.

ನಾನು ಬಿಯರಿನ ಗುಳ್ಳೆಯ ಸದ್ದು ಕೇಳುತ್ತ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆ. "ಇಲ್ಲಿ ಸೃಷ್ಟಿಕಾರ್ಯ ನಡೀತಾ ಅದೆ, ನಿಂಗೆ ಎಣ್ಣೆ ಸೀಸೆ ಚಿಂತೆ!" ಎಂದು ರೇಗಿದೆ.

ಹುಳಿತ ಮುಗಿದ ಮೇಲೆ ಬಿಯರನ್ನು ಕೆಗ್ಗಿಗೆ ಇಳಿಸಿ, ಗ್ಯಾಸು ಬಿಟ್ಟು, ಹೊದಿಕೆ ಹೊದಿಸಿ ಇಟ್ಟೆ. ಮಾರ್ನಮಿಗೆ ಇನ್ನೂ ದಿನವಿತ್ತು. ತೆರೆದು ನೋಡಿದರೆ ಏನು ಬರಬೇಕು? ನಲ್ಲಿಯಿಂದ ಕಪ್ಪು ನೀರು ಬಂತು. ಗುಳ್ಳೆಯಿಲ್ಲ, ಜೀವವಿಲ್ಲ, ಮಳೆಗಾಲದ ರಸ್ತೆಗುಂಡಿಯಿಂದ ಮೊಗೆದಂತೆ.

"ಅಳಿಮಯ್ಯ!" ಎಂದು ಫೋನಿನಲ್ಲಿ ಗುಡುಗಿದೆ. "ಖಾಲಿ ಸಿಲಿಂಡರು ಕೊಟ್ಟು ಮಾವನ್ನ ಮಂಗ ಮಾಡಿದ್ಯಾ?"

"ಮಾವ, ಗ್ಯಾಸು ಎಲ್ಲಾದ್ರೂ ಲೀಕ್ ಆಗ್ತಿರಬೇಕು. ಸೋಪು ನೀರು ಹಚ್ಚಿ ನೋಡಿ. ಆಮೇಲೆ ಕೆಗ್ ತಣ್ಣಗಿರಬೇಕು. ಬಿಸಿಲಲ್ಲಿ ಇಟ್ರೆ ಗ್ಯಾಸು ಬಿಯರೊಳಕ್ಕೆ ಇಳಿಯಲ್ಲ. ಫ್ರಿಜ್ಜಲ್ಲಿಡಿ."

ಸೋಪು ನೀರು ಹಚ್ಚಿದೆ. ಮುಚ್ಚಳದ ರಬ್ಬರು ಉಂಗುರದ ಹತ್ತಿರ ಬುಳುಬುಳು ಎಂದು ಗುಳ್ಳೆ ಎದ್ದವು. ನೋಡಿ, ಹಾಳಾದ ಸೋಪು ನೀರಲ್ಲೂ ನೊರೆ ನಿಲ್ಲುತ್ತದೆ! ಪಂಪ್‌ಸೆಟ್ಟಿನ ವಾಷರು ಕತ್ತರಿಸಿ ಹಾಕಿ, ಸೋರಿಕೆ ನಿಲ್ಲಿಸಿದೆ. ಇನ್ನು ಫ್ರಿಜ್ಜು. ಅದಕ್ಕೂ ನನಗೂ ನಡುವೆ ನಿಂತಿದ್ದವಳು ಚಿಕ್ಕಬೀರಮ್ಮ.

"ಒಳಗೆ ಕೈ ಆಕಿದ್ರೆ ನೋಡಿ! ದೋಸೆ ಹಿಟ್ಟದೆ, ಮೊಸರದೆ, ಕರಿಬೇವದೆ, ಮಗಳು ಕಳ್ಸಿರೋ ಮೀನುಪ್ಪಿನಕಾಯದೆ..."

"ಎಲ್ಲಾ ತೆಗ್ದು ಬಾವಿ ಕಟ್ಟೆ ಮೇಲೆ ಮಡಗು. ಫ್ರಿಜ್ಜು ಬರೋಕ್ಮುಂಚೆ ಮೊಸರು ಇರ್ಲಿಲ್ವಾ ಈ ದೇಶ್ದಲ್ಲಿ?"

"ಬಿಯರು ಮಾಡೋರೂ ಇರ್ಲಿಲ್ಲ ಈ ಮನೇಲಿ. ನೆಮ್ಮದಿಯಾಗಿದ್ದೊ."

"ಇದು ನಮ್ಮಪ್ಪನಿಗೆ ಕಣೆ!"

"ನಿಮ್ಮಪ್ಪ ಬದುಕಿದ್ದಾಗ ನನ್ ಅಡಿಗೇನ ಒಂದಿನಾನೂ ಎಸೀಲಿಲ್ಲ. ಸತ್ತ ಮೇಲೆ ನನ್ ಮೊಸರು ಎಸೆಸ್ತಾರಾ?"

ಹಲಗೆಗಳನ್ನು ಕಿತ್ತು, ಮೊಸರನ್ನು ಗಡೀಪಾರು ಮಾಡಿ, ಕೆಗ್ಗನ್ನು ಫ್ರಿಜ್ಜಿನಲ್ಲಿ ಪ್ರತಿಷ್ಠಾಪಿಸಿದೆ. ಬಾಗಿಲು ಮುಚ್ಚಲಿಲ್ಲ, ಹಗ್ಗ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ದೋಸೆ ಹಿಟ್ಟು ಬಾವಿ ಕಟ್ಟೆಯ ಮೇಲೆ ಉಕ್ಕಿ ಪಾತ್ರೆಯಾಚೆ ಹರಿಯಿತು. "ನೋಡಿ, ನನ್ ಇಟ್ಟಲ್ಲಿ ನೊರೆ ಬತ್ತದೆ, ನಿಮ್ ಬಿಯರಲ್ಲಿ ಬರಲ್ಲ," ಎಂದು ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಅವತ್ತೇ ಪಂಚಾಯಿತಿ ಸೇರುತ್ತಿತ್ತು.

ಮುಂದೆ ಎರಡು ದಿನ ಬಿಟ್ಟು ಬಗ್ಗಿಸಿದೆ. ಅಬ್ಬಾ! ಈ ಸಲ ಗ್ಲಾಸಿನೊಳಗೆ ಗುಳ್ಳೆಯ ಜಾತ್ರೆ. ಕಂದು ಬಣ್ಣದ ನೊರೆ ಎದ್ದಿತು. ಬೆಂಕಿಕಡ್ಡಿ ತೆಗೆದೆ. ಸಿಕ್ಕಿಸುವಷ್ಟರಲ್ಲಿ ನೊರೆ ಸುಯ್ಯೆಂದು ಇಳಿದು, ಗ್ಲಾಸಿನ ಅಂಚಿಗೆ ನಾಲ್ಕು ಗುಳ್ಳೆ ಅಂಟಿಕೊಂಡು ನನ್ನನ್ನು ನೋಡಿ ಕಣ್ಣು ಮಿಟುಕಿಸಿದವು. ಕಡ್ಡಿ ಬಿಯರಿನಲ್ಲಿ ಮುಳುಗಿತು. ಮತ್ತೆ ಬಗ್ಗಿಸಿದೆ. ಮತ್ತೆ ಇಳಿಯಿತು. ರುಚಿ ಏನೋ ಚೆನ್ನಾಗಿತ್ತು, ಸುಟ್ಟ ರಾಗಿಮುದ್ದೆಯ ತಳದಂತೆ ಘಮ್ಮೆನ್ನುತ್ತಿತ್ತು. ಹಾಗಾಗಿ ಪರೀಕ್ಷೆಗೆ ತೆಗೆದದ್ದನ್ನೆಲ್ಲ ಕುಡಿದೇ ಮುಗಿಸಬೇಕಾಯಿತು. (ಅನ್ನ ಚೆಲ್ಲಬಾರದು ಎಂದು ಅಪ್ಪ ಕಲಿಸಿದ್ದಾನೆ. ತೆಂಗಿನ ಬುಡದ ಕತೆ ಬೇರೆ.) ಕುಡಿದ ಮೇಲೆ ಹೊಟ್ಟೆ ಯಾಕೋ ಗುಡುಗುಡು ಅಂದು ಹಿತ್ತಲಿಗೆ ಓಡಿಸುತ್ತಿತ್ತು. ಅದು ಚಿಕ್ಕಬೀರಮ್ಮನ ಹುರುಳಿ ಸಾರಿನ ದೋಷವೆಂದು ಆ ಕ್ಷಣವೇ ತೀರ್ಪು ಕೊಟ್ಟು, ಅವಳಿಗೂ ತಿಳಿಸಿದೆ.

ಮತ್ತೆ ಫೋನು. ಅಳಿಯ ಹೇಳಿದ, "ಮಾವ, ಗ್ಯಾಸು ಸರಿಯಾಗಿದೆ ಅಂದ್ರೆ ನೊರೆ ಕೊಲ್ಲೋದು ಜಿಡ್ಡು ಮಾತ್ರ. ಗ್ಲಾಸಲ್ಲಿ ಎಣ್ಣೆ, ತುಪ್ಪ ಒಂದಿಷ್ಟು ಅಂಟಿದ್ರೂ ಸಾಕು, ನೊರೆ ಕೂತೇ ಹೋಗುತ್ತೆ."

ಜಿಡ್ಡು! ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಈ ಮನೆಯಲ್ಲಿ ಗ್ಲಾಸು ತೊಳೆಯುವವರು ಯಾರು? ಹಪ್ಪಳ ಕರಿದ ಕೈಯಲ್ಲೇ ಲೋಟ ಹಿಡಿಯುವವರು ಯಾರು?

"ಚಿಕ್ಕಬೀರೀ!"

ಬಂದಳು. ಕೈಯಲ್ಲಿ ನಿಜಕ್ಕೂ ಹಪ್ಪಳವಿತ್ತು.

"ನಮ್ಮಪ್ಪನ ನೊರೆ ಕೊಂದೋಳು ನೀನೇ," ಎಂದೆ. "ಗ್ಲಾಸಲ್ಲಿ ಜಿಡ್ಡು ಬುಟ್ಟಿದ್ದೀಯ."

ಚಿಕ್ಕಬೀರಮ್ಮ ನನ್ನನ್ನು ನೋಡಿದಳು, ಹಪ್ಪಳ ನೋಡಿದಳು, ಅದನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು ನುಂಗಿಯೇ ಮಾತಾಡಿದಳು. "ನನ್ ಪಾತ್ರೆ ಮೇಲೆ ಮಾತಾಡ್ದೋರು ಈ ಊರಲ್ಲಿ ಯಾರೂ ಇಲ್ಲ. ಕೈ ಇಡ್ಕಂಡ್ ಬಂದಾಗಿಂದ ಬೂದಿ, ಉಣ್ಸೆಹಣ್ಣು ಆಕಿ ತಿಕ್ತಾ ಇವ್ನಿ. ನಿಮ್ಮೊಕ ನೋಡ್ಕಳಂಗೆ ಒಳೀತವೆ. ಬೇಕಾದ್ರೆ ನೋಡ್ಕಳಿ, ಒಸಿ ಬುದ್ಧಿನಾದ್ರೂ ಬತ್ತದೆ."

ಆದರೂ ನಾನು ಬಿಡಲಿಲ್ಲ. ಗ್ಲಾಸುಗಳನ್ನು ನಾನೇ ಬೂದಿಯಲ್ಲಿ ತಿಕ್ಕಿದೆ, ಕುದಿನೀರಿನಲ್ಲಿ ಅದ್ದಿದೆ, ಬಿಸಿಲಿಗಿಟ್ಟೆ, ಯಾರೂ ಮುಟ್ಟದಂತೆ ಕಾವಲು ಕೂತೆ. ಬಗ್ಗಿಸಿದೆ. ಇಳಿಯಿತು. ಪೈಪು ತೊಳೆದೆ. ಇಳಿಯಿತು. ನಲ್ಲಿ ಬಿಚ್ಚಿ ಕುದಿಸಿದೆ. ಇಳಿಯಿತು. ನೆಲದ ಮೇಲೆ ಕೂತು ಬಗ್ಗಿಸಿದೆ, ಸ್ಟೂಲು ಹತ್ತಿ ಎತ್ತರದಿಂದ ಬಗ್ಗಿಸಿದೆ, ಗ್ಯಾಸಿನ ಮುಳ್ಳನ್ನು ಕೆಂಪು ಗೆರೆಯವರೆಗೆ ಏರಿಸಿ ಬಗ್ಗಿಸಿದೆ. ಕೊನೆಯದಕ್ಕೆ ನೊರೆ ಸೂರಿಗೆ ಹಾರಿ ನನ್ನ ಮೀಸೆ, ಬನೀನು, ಗೋಡೆಯ ಕ್ಯಾಲೆಂಡರು ಎಲ್ಲ ನೆನೆಯಿತು. ಆದರೆ ಗ್ಲಾಸಿಗೆ ಬಿದ್ದದ್ದು ಮತ್ತೆ ಇಳಿಯಿತು.

ಅಷ್ಟರಲ್ಲಿ ಚಿಕ್ಕಬೀರಮ್ಮ ಬಾಗಿಲ ಹತ್ತಿರ ನಿಂತು, "ಅಲ್ಲಾ, ಆ ಅರಳೆಣ್ಣೆ ಸೀಸೆ..." ಎಂದಳು.

ನಾನು ಏನು ಎಸೆದೆ ಎಂಬುದು ಇಲ್ಲಿ ಮುಖ್ಯವಲ್ಲ. ಅವಳಿಗೆ ತಾಗಲಿಲ್ಲ, ಕ್ಯಾಲೆಂಡರಿಗೆ ತಾಗಿತು.

ಮೂರನೇ ಸಲ ಫೋನು ಮಾಡಿ, "ಬಾರ್ಲಿಗೇ ಎಣ್ಣೆ ಸವರಿ ಕಳಿಸಿದ್ದೀಯ ಅಳಿಮಯ್ಯ! ಬೆಟ್ಟಸ್ವಾಮಿ ನಿಂಗೆ ಏನ್ ಕೊಟ್ಟ ಹೇಳು?" ಎಂದು ಕೇಳಿದೆ. ಆ ಕಡೆಯಿಂದ ಮಗಳು ಪುಟ್ಟಿಯ ದನಿ ಬಂತು. "ಅಪ್ಪ, ಅವ್ರು ಡ್ಯೂಟೀಲಿ ಇದ್ರೂ ನಿಮ್ ಫೋನು ಅಂತ ಎತ್ತಿ ಮಾತಾಡ್ತಿದ್ರು. ಇನ್ಮೇಲೆ ಮಾತಾಡಲ್ಲ." ಫೋನು ಕಟ್ಟಾಯಿತು. ಮಗಳೂ ಅತ್ತ ಸೇರಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಮಾಡಿದವನಿಗೆ ನಮ್ಮ ಮನೆಯ ಜನ ಮೊದಲೇ ಪರಿಚಯವಿದ್ದರೆಂದು ಕಾಣುತ್ತದೆ. ತಪ್ಪು ತಮ್ಮದು, ಕೋಪ ನನ್ನ ಮೇಲೆ!

ಮಾರ್ನಮಿ ಬಂದೇ ಬಂತು.

ಬೆಟ್ಟಸ್ವಾಮಿ ಬಿಳಿ ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ಕೈಚೀಲ ಹಿಡಿದು ಬಂದ. ಚೀಲದೊಳಗೆ ಸೀಸೆಗೆ ಸೀಸೆ ತಾಗುವ ಸದ್ದು ನನ್ನ ಕಿವಿಗೆ ಬಿತ್ತು. ಎಂಥ ವಿಶ್ವಾಸ ನೋಡಿ ಅಣ್ಣನ ಮೇಲೆ!

"ಏನಣ್ಣ, ಬಡಕಲಾಗಿದ್ದೀಯ?"

"ಹುರುಳಿ ಸಾರು," ಎಂದೆ.

ಚಿಕ್ಕಬೀರಮ್ಮ ನಸುಕಿನಿಂದ ಒಲೆಯ ಮುಂದೆ ಬೆಂದು, ಎಡೆಯ ಎಲೆ ಹಾಕಿ, ಬಿಸಿ ಮುದ್ದೆ, ಸಾರು, ಕಜ್ಜಾಯ ಬಡಿಸಿದ್ದಳು. ಫೋಟೋದೊಳಗಿಂದ ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಫ್ರಿಜ್ಜಿನ ಹಗ್ಗ ಬಿಚ್ಚಿ, ಕಾವಲು ಕಾದ ಗ್ಲಾಸಿಗೆ ಬಗ್ಗಿಸಿ, ನೊರೆ ಇಳಿಯುವುದರೊಳಗೆ ಓಡಿ ತಂದು ಎಡೆಯ ಮುಂದಿಟ್ಟು, "ಬಾಗ್ಲು ಆಕಿ, ಬಾಗ್ಲು ಆಕಿ! ಅಪ್ಪ ಬರೋ ಒತ್ತು!" ಎಂದು ಎಲ್ಲರನ್ನೂ ಹೊರಗೆ ದಬ್ಬಿದೆ. (ಇದು ಮೋಸವಲ್ಲ, ಉಪಾಯ.)

"ಕಡ್ಡಿ ನಿಲ್ಸಿಲ್ವಲ್ಲಣ್ಣ," ಎಂದ ಬೆಟ್ಟಸ್ವಾಮಿ.

"ಅಪ್ಪನೇ ಬಂದು ನಿಲ್ಲಿಸ್ಕತಾನೆ ಬುಡು."

ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತೆವು. ಆಮೇಲೆ ಕೆಮ್ಮಿ ಬಾಗಿಲು ತೆಗೆದೆವು. ಗ್ಲಾಸಿನಲ್ಲಿ ಅಂಗೈಯಗಲ ಕಪ್ಪು ನೀರು ನಿಶ್ಚಿಂತೆಯಿಂದ ಮಲಗಿತ್ತು.

"ನೋಡಿದ್ಯಾ!" ಎಂದೆ. "ಅಪ್ಪ ಬಂದು ನೊರೇನೆಲ್ಲಾ ಕುಡಿದು ಓಗವ್ನೆ!"

"ಬಿಯರು ಬುಟ್ಟು ಬರೀ ನೊರೆ ಕುಡುದ್ನಾ ಅಪ್ಪ?" ಬೆಟ್ಟಸ್ವಾಮಿ ಬೆಂಕಿಪೊಟ್ಟಣ ತೆಗೆದ. "ಎಲ್ಲಿ, ಇನ್ನೊಂದು ಗ್ಲಾಸು ಬಗ್ಸು, ನಮ್ ಮುಂದೇನೇ."

ಬಗ್ಗಿಸಿದೆ. ಅವನು ಕಡ್ಡಿ ಇಟ್ಟ. ಕಡ್ಡಿ ಅಡ್ಡ ಬಿದ್ದು, ತೇಲಿ, ಗ್ಲಾಸಿನ ಅಂಚಿಗೆ ಹೋಗಿ ನಿಂತಿತು, ನಮ್ಮ ಕೆರೆಯಲ್ಲಿ ಸತ್ತ ಮೀನು ದಡ ಸೇರುವಂತೆ.

ಆಗ ನನಗೆ ಬಂದ ಸಿಟ್ಟು ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಬೇಡ. ನಮ್ಮಪ್ಪನ ಎಡೆ ಟೈಲ್ಸಿನ ಮನೆಗೆ, ಮೆಳ್ಳೆಗಣ್ಣಿನ ಸಿಂಹದ ಬಾಗಿಲಿಗೆ ಹೋಗುತ್ತದೆ! ನಾನು ದೀಪದ ಪಕ್ಕ ನಿಂತು ಕೈ ಎತ್ತಿದೆ.

"ಎಲ್ಲಾ ಕೇಳಿ! ಯಾರೋ ನನ್ ಬಿಯರಿಗೆ ಬೇಕಂತಲೇ ಜಿಡ್ಡು ಆಕವ್ರೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕಳದೇ ಇರಲ್ಲ. ಒಬ್ಬೊಬ್ರೂ ದೀಪ ಮುಟ್ಟಿ ಪ್ರಮಾಣ ಮಾಡಿ. ಯಾರು ಆಕವ್ರೋ ಅವ್ರು ಅಪ್ಪನ ಮುಂದೆ ಅಡ್ಡಬೀಳ್ಬೇಕು, ಇನ್ನು ಜನ್ಮದಲ್ಲಿ ಎಡೆಯ ಬಿಯರು ಮುಟ್ಟಬಾರ್ದು, ಈ ಡ್ರಮ್ಮಲ್ಲಿ ಉಳಿದಿರೋದನ್ನೆಲ್ಲ ಅವ್ರೇ ಕುಡೀಬೇಕು!"

ಬೆಟ್ಟಸ್ವಾಮಿ ದೀಪ ಮುಟ್ಟಿದ. "ನಾನಲ್ಲ."

ಚಿಕ್ಕಬೀರಮ್ಮ ಮುಟ್ಟಿದಳು. "ನಾನಲ್ಲ. ನಂಗೆ ಎಣ್ಣೆ ತಲೆಗೇ ಸಿಕ್ತಿಲ್ಲ, ಬಿಯರಿಗೆ ಎಲ್ಲಿಂದ ತರ್ಲಿ?"

ನಾನೂ ಮುಟ್ಟಿದೆ, ಎದೆ ಉಬ್ಬಿಸಿ. "ನಾನಂತೂ ಅಲ್ಲ."

"ಅಂಗಾದ್ರೆ ಯಾರೂ ಅಲ್ಲ," ಎಂದ ಬೆಟ್ಟಸ್ವಾಮಿ. "ಅಣ್ಣ, ಬೇಜಾರು ಮಾಡ್ಕಬ್ಯಾಡ. ನೊರೆ ವಿಚಾರ ನಿಂಗೆ ತಿಳೀದು, ಅಷ್ಟೇ ಕಣ."

"ಏನಂದೆ?" ನನ್ನ ಕಿವಿಯಲ್ಲಿ ಗಾಣ ತಿರುಗಿದಂತಾಯಿತು. "ನೊರೆ ವಿಚಾರ ನಂಗೆ ತಿಳೀದಾ? ಲೇ, ನೊರೆ ಆಳ್ದೋನು ಕಣ್ಲಾ ನಾನು! ಊರೆಲ್ಲಾ ಕೊಪ್ಪರಿಗೆ ಉಕ್ಕಿದ್ರೆ ಯಾರ್ನ ಕರೀತಿದ್ರು? ಇದೇ ಬಿಯರು ಕುದೀವಾಗ ಭುಸ್ ಅಂತ ಉಕ್ಕಿ ಬಂತು, ಬೇರೆಯೋರಾಗಿದ್ರೆ ಅರ್ಧ ಬೆಂಕಿಪಾಲು. ನಾನೇನ್ ಮಾಡ್ದೆ? ಆಲೆಮನೇಲಿ ಆಕೋ ಅಂಗೇ ಒಂದು ಸೀಸೆ ಅರಳೆಣ್ಣೇನ ಪೂರ್ತಿ ಎತ್ತಿ ಬುಟ್ಟೆ! ಕುಯ್ ಅಂದು ಕೂತ್ಕತು! ಈ ಕೈಯಿಂದ ಒಂದು ಸಲ ಎಣ್ಣೆ ಬಿದ್ದ ಮೇಲೆ ಯಾವ ನೊರೆಯಾದ್ರೂ ಮತ್ತೆ ಜನ್ಮದಲ್ಲಿ ತಲೆ ಎತ್ತೈತೇನ್ಲಾ? ಹೇಳು! ಎತ್ತೈತಾ?"

ದೀಪದ ಬತ್ತಿ ಚಟ್ ಎಂದಿತು.

ಮೊದಲು ಬಾಯಿ ಬಿಟ್ಟವಳು ಚಿಕ್ಕಬೀರಮ್ಮ. ಅವಳಿಗೆ ನೊರೆಯ ಚಿಂತೆಯಿರಲಿಲ್ಲ, ಎಣ್ಣೆಯದಿತ್ತು. "ಯಾವ್ ಅರಳೆಣ್ಣೆ? ಗೂಡಲ್ಲಿದ್ದ ನನ್ ಅರಳೆಣ್ಣೇನಾ? ನಾನು ಮನೆಯೆಲ್ಲಾ ಉಡುಕ್ತಾ ಇವ್ನಿ, ಕೇಳ್ದಾಗೆಲ್ಲಾ ನನ್ ಮೇಲೇ ಆರಾಡ್ತಿದ್ರಲ್ಲಾ!"

"ಜಿಡ್ಡು..." ಎಂದ ಬೆಟ್ಟಸ್ವಾಮಿ ಮೆಲ್ಲಗೆ. ಆಮೇಲೆ ಗೋಡೆಗೆ ಒರಗಿದ. ಆಮೇಲೆ ನೆಲಕ್ಕೆ ಕೂತ. ಬಿಳಿ ಪ್ಯಾಂಟಿನ ಚಿಂತೆಯಿಲ್ಲದೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ.

ನಾನು ಇನ್ನೇನೋ ಗುಡುಗಲು ಬಾಯಿ ತೆರೆದೆ. ಮಂತ್ರ ಬಿದ್ದ ಕೊಪ್ಪರಿಗೆಯಂತೆ ನಾನೇ ಕುಯ್ ಎಂದು ಕೂತೆ. ಅಳಿಯ ಎರಡನೇ ಫೋನಿನಲ್ಲೇ ಹೇಳಿದ್ದ, ಜಿಡ್ಡು ಅಂತ. ಅದನ್ನು ಕೇಳಿ ನಾನು ಗ್ಲಾಸು ನೋಡಿದೆ, ಹಪ್ಪಳ ನೋಡಿದೆ, ಬಾರ್ಲಿ ನೋಡಿದೆ, ಹೆಂಡತಿಯ ಕೈ ನೋಡಿದೆ. ನನ್ನ ಕೈಯನ್ನು ಮಾತ್ರ ನೋಡಿಕೊಳ್ಳಲಿಲ್ಲ. ಯಾಕೆ ನೋಡಿಕೊಳ್ಳಬೇಕು? ಉಕ್ಕಿದರೆ ಎಣ್ಣೆ ಹಾಕುವುದು ನನಗೆ ಕೆಲಸವೇ ಅಲ್ಲ, ಉಸಿರಾಡಿದ ಹಾಗೆ. ಉಸಿರಾಡಿದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

"ಅದ್ಕೇ ಮತ್ತೆ," ಎಂದಳು ಚಿಕ್ಕಬೀರಮ್ಮ, ಈಗ ಪೂರ್ತಿ ಹೊಳೆದು. "ಅರಳೆಣ್ಣೆ ಕುಡ್ದು ಕುಡ್ದು ಇತ್ಲಿಗೆ ಓಡ್ಬುಟ್ಟು, ನನ್ ಉರುಳಿ ಸಾರಿನ ಮೇಲೆ ಆಕಿದ್ರಿ."

ನಾನು ಎದ್ದು ಅಪ್ಪನ ಫೋಟೋದ ಮುಂದೆ ಅಡ್ಡಬಿದ್ದೆ. ತೀರ್ಪು ನನ್ನದೇ. ಏಳುವಾಗ ಅಪ್ಪ ಫೋಟೋದಲ್ಲಿ ನಕ್ಕಹಾಗೆ ಕಂಡಿತು. ಅವನು ಬದುಕಿದ್ದಾಗ ನನ್ನನ್ನು ನೋಡಿ ನಕ್ಕದ್ದು ನೆನಪಿಲ್ಲ.

ಬೆಟ್ಟಸ್ವಾಮಿ ಕಣ್ಣೊರೆಸಿಕೊಂಡು ಚೀಲದಿಂದ ಸೀಸೆ ತೆಗೆದು ಬಗ್ಗಿಸಿದ. ಕೆನೆಯಂಥ ನೊರೆ ನಿಂತಿತು. ಕಡ್ಡಿ ಸಿಕ್ಕಿಸಿದ. ಅದು ಕೊಡಿಮರದಂತೆ ನಿಂತಿತು. "ಅಂಗಾದ್ರೆ ಅತ್ಗೆ," ಎಂದ, ಗಂಟಲು ಸರಿಮಾಡಿಕೊಂಡು, "ಮುಂದಿನ ವರ್ಷ ಎಡೆ ನಮ್ಮಟ್ಟಿಗೆ..."

"ಯಾವಟ್ಟಿಗೆ?" ಚಿಕ್ಕಬೀರಮ್ಮ ಸೌಟು ಹಿಡಿದೇ ತಿರುಗಿದಳು. "ನೀವಿಬ್ರೂ ಆಣೆ ಮಾಡ್ಕಂಡಾಗ ನನ್ನ ಕೇಳಿದ್ರಾ? ಎಡೆ ನಿಮ್ಮಣ್ಣಂದೂ ಅಲ್ಲ, ನಿಂದೂ ಅಲ್ಲ. ನಸುಕಿಂದ ಒಲೆ ಮುಂದೆ ಬೆಂದೋಳ್ದು. ಮಾವ ಬರೋದು ನನ್ ಕಜ್ಜಾಯಕ್ಕೆ, ನಿನ್ ಟೈಲ್ಸಿಗಲ್ಲ. ಎಡೆ ಇಲ್ಲೇ. ಸೀಸೆ ನೀನೇ ತಾ. ಇವ್ರು," ಎಂದು ಸೌಟನ್ನು ನನ್ನ ಕಡೆ ತಿರುಗಿಸಿ, "ಇವ್ರು ದೀಪಕ್ಕೆ ಬತ್ತಿ ಆಕ್ತಾರೆ. ಎಣ್ಣೆ ನಾನು ಉಯ್ತೀನಿ."

ಅಲ್ಲಿಗೆ ಪಂಚಾಯಿತಿ ಮುಗಿಯಿತು. ಹಬ್ಬ ಮುಗಿದ ಮೇಲೆ ನನ್ನ ತೀರ್ಪಿನ ಕೊನೆಯ ಅಂಶವೂ ಜಾರಿಯಾಯಿತು. ಡ್ರಮ್ಮಿನಲ್ಲಿ ಉಳಿದದ್ದನ್ನು ದಿನಕ್ಕಿಷ್ಟು ಎಂದು ನಾನೇ ಮುಗಿಸುತ್ತಿದ್ದೇನೆ. ಹಿತ್ತಲ ಬಾಗಿಲಿಗೆ ಅವಳು ಅಗುಳಿ ಹಾಕುವುದನ್ನು ಬಿಟ್ಟಿದ್ದಾಳೆ. ಪುಟ್ಟಿಗೆ ಫೋನು ಮಾಡಿ ಎಲ್ಲ ಹೇಳಿದ್ದಾಳೆ. ಅಳಿಯ ಈಗ ಮತ್ತೆ ನನ್ನೊಡನೆ ಮಾತಾಡುತ್ತಾನೆ, ಮಾತಿನ ನಡುವೆ ಯಾಕೋ ಫೋನನ್ನು ದೂರ ಹಿಡಿದು ಕೆಮ್ಮುತ್ತಾನೆ. ಮೊಸರು ಫ್ರಿಜ್ಜಿಗೆ ವಾಪಸು ಬಂದಿದೆ. ಗೂಡಿನಲ್ಲಿ ಹೊಸ ಹರಳೆಣ್ಣೆ ಸೀಸೆ ಇದೆ, ಅದರ ಕತ್ತಿಗೆ ಒಂದು ದಾರ, ದಾರಕ್ಕೊಂದು ಗೆಜ್ಜೆ. ನಾನು ಮುಟ್ಟಿದರೆ ಕೇಳಿಸಲಿ ಅಂತ.

ನನಗೆ ಸಿಟ್ಟು ಜಾಸ್ತಿ ಎಂದು ಅವಳು ಈಗ ಊರಲ್ಲಿ ಹೇಳುವುದಿಲ್ಲ. ಬದಲಿಗೆ ಇವತ್ತು ಬೆಳಿಗ್ಗೆ, ಬೀದಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ನಿಂತಿದ್ದ ಹೊತ್ತಿನಲ್ಲೇ, ಅಡಿಗೆಮನೆಯಿಂದ ಗಟ್ಟಿಯಾಗಿ ಕೂಗಿದಳು:

"ರೀ, ಆಲು ಉಕ್ತಾ ಅದೆ! ಬಿರ್ನೆ ಬನ್ನಿ, ಕೈ ಏನೂ ಆಕ್ಬೇಡಿ, ಬರೀ ನಿಂತ್ಕಂಡು ಒಸಿ ಮೊಕ ತೋರ್ಸಿ. ಇಳ್ಕತದೆ."